ಗ್ಯಾಸ್ ಅಂದವರು ಯಾರು

ತುರ್ತು ಚಿಕಿತ್ಸಾ ವಿಭಾಗದ ಗಾಜಿನ ಬಾಗಿಲಿಗೆ ಬೆಳಗಿನ ಹೊತ್ತು ಬಿಡುವೆಂಬುದೇ ಇರುವುದಿಲ್ಲ. ಒಬ್ಬರು ಹೊರಗೆ ಹೋಗುವಷ್ಟರಲ್ಲಿ ಇಬ್ಬರು ಒಳಗೆ ಬಂದಿರುತ್ತಾರೆ. ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ ಒಂದು ಕಬ್ಬಿಣದ ಮೇಜು. ಅದರ ಮೇಲೆ ಬಿಪಿ ನೋಡುವ ಯಂತ್ರ, ಥರ್ಮಾಮೀಟರು, ಯಾರೂ ಎತ್ತಿಕೊಂಡು ಹೋಗದಂತೆ ದಾರ ಕಟ್ಟಿದ ಪೆನ್ನು, ಚೀಟಿಗಳ ಕಟ್ಟು. ಪಕ್ಕದಲ್ಲಿ ಮೂರು ಡಬ್ಬಿಗಳಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿಗಳು. ಬಂದವರ ಮಣಿಕಟ್ಟಿಗೆ ಆ ಮೂರರಲ್ಲಿ ಒಂದನ್ನು ಸುತ್ತುವುದು ಮೇಜಿನ ಹಿಂದೆ ಕೂತ ಹಿರಿಯ ನರ್ಸಿನ ಕೆಲಸ. ಕೆಂಪಾದರೆ ನೇರ ಒಳಗೆ. ಹಳದಿಯಾದರೆ ಒಳಗಿನ ಬೆಂಚು. ಹಸಿರಾದರೆ ಹೊರಗಿನ ಸಾಲುಕುರ್ಚಿ, ಸರದಿ ಬಂದಾಗ ಕರೆಯುತ್ತಾರೆ.

ಆ ನರ್ಸು ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯಲ್ಲಿದ್ದಳು. ಕೊನೆಯ ಹನ್ನೊಂದು ವರ್ಷ ಈ ಮೇಜಿನಲ್ಲೇ. ಇಡೀ ವಿಭಾಗ ಆಕೆಗೆ ಇಟ್ಟಿದ್ದ ಹೆಸರು ಕಣ್ಣಳತೆ ಅಕ್ಕ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಮ್ಮೆ ಸೈಕಲ್ಲಿನಿಂದ ಬಿದ್ದ ಯುವಕನೊಬ್ಬ ಮೊಣಕಾಲು ತರಚಿದೆ ಎಂದು ನಗುನಗುತ್ತಾ ಬಂದಿದ್ದ. ಆಕೆ ಅವನ ತುಟಿಯ ಬಣ್ಣ ನೋಡಿ ಕೆಂಪು ಪಟ್ಟಿ ಸುತ್ತಿದ್ದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಅರ್ಧ ಗಂಟೆ ತಡವಾಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಅಂದಿನಿಂದ ಹೊಸ ಡಾಕ್ಟರುಗಳಿಗೆಲ್ಲ ಆ ಕತೆ ಹೇಳುವುದು, "ಅಕ್ಕ ನೋಡಿದ ಮೇಲೆ ಎಕ್ಸ್‌ರೇ ಯಾಕೆ ಬೇಕು?" ಎಂದು ನಗುವುದು ಅಲ್ಲಿನ ವಾಡಿಕೆಯಾಯಿತು. ಆಕೆಯೂ ನಗುತ್ತಿದ್ದಳು. ಆದರೆ ಒಳಗೊಳಗೇ ಆ ಮಾತನ್ನು ನಂಬಿದ್ದಳು.

ಮೂರು ತಿಂಗಳಿನಿಂದ ಆ ಮೇಜಿನ ಹಿಂದಿನ ಮೂಲೆಯಲ್ಲಿ ಇನ್ನೊಂದು ಕುರ್ಚಿ ಬಿದ್ದಿತ್ತು. ಅದರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಾ ಬರೆಯುತ್ತಿದ್ದಳು. ಎದೆಯ ತೊಂದರೆ ಎಂದು ಬಂದವರಿಗೆ ಬಾಗಿಲು ದಾಟಿದ ಹೊತ್ತಿನಿಂದ ಇಸಿಜಿ ತೆಗೆಯುವ ಹೊತ್ತಿನವರೆಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದು ಅವಳ ಸಂಶೋಧನೆ. ವಾರ್ಡಿನವರು ಅವಳನ್ನು ಸ್ಟಾಪ್‌ವಾಚ್ ಮೇಡಂ ಎನ್ನುತ್ತಿದ್ದರು.

"ಏನ್ ಮೇಡಂ, ಇವತ್ತು ನಾನೆಷ್ಟು ಸಲ ಆಕಳಿಸಿದೆ ಅಂತಾನೂ ಬರ್ಕೊಂಡ್ರಾ?" ಎಂದು ಅಕ್ಕ ಆಗಾಗ ಕೆಣಕುತ್ತಿದ್ದಳು.

"ನಿಮಗೆ ಆಕಳಿಸೋಕೆ ಪುರುಸೊತ್ತೆಲ್ಲಿದೆ ಅಕ್ಕ?" ಎಂದು ಅವಳು ತಲೆಯೆತ್ತದೆ ಬರೆಯುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಡ ಹೆಂಡತಿ ಇಬ್ಬರು ಬಂದರು. ಗಂಡ ಬಡಗಿ. ತೋಳಿನ ಕೂದಲಿನಲ್ಲಿ ಮರದ ಪುಡಿ ಇನ್ನೂ ಇತ್ತು. ಕೆಲಸದ ಮಧ್ಯೆ ಎದ್ದು ಬಂದದ್ದು ಕಾಣುತ್ತಿತ್ತು. ಹೆಂಡತಿಗೆ ನಲವತ್ತೇಳು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂಡಿಸುವವಳು. ಯಾರ ಆಸರೆಯೂ ಇಲ್ಲದೆ ನಡೆದು ಬಂದಳು. ಕುರ್ಚಿಯಲ್ಲಿ ಕೂರುವ ಮೊದಲು ಸೆರಗು ಸರಿಮಾಡಿಕೊಂಡಳು.

"ಏನಾಗ್ತಿದೆಯಮ್ಮ?" ಅಕ್ಕ ಬಿಪಿ ಪಟ್ಟಿ ಸುತ್ತುತ್ತಾ ಕೇಳಿದಳು.

"ಒಂಥರಾ ಆಗ್ತಿದೆ ಸಿಸ್ಟರ್. ಬೆಳಿಗ್ಗೆ ಎದ್ದಾಗಿಂದ ಸುಸ್ತು. ಬಟ್ಟೆ ಹಿಂಡೋಕೆ ಹೋದ್ರೆ ಕೈಯಲ್ಲಿ ಶಕ್ತಿಯೇ ಇಲ್ಲ. ದವಡೆ ಹಿಡ್ಕೊಂಡ ಹಾಗಿದೆ. ಹೊಟ್ಟೆ ತೊಳಸ್ತಿದೆ."

"ಎದೆ ನೋವಿದೆಯಾ?"

ಹೆಂಗಸು ಯೋಚಿಸಿದಳು. ಸುಳ್ಳು ಹೇಳಬಾರದು ಎಂಬಂತೆ ಯೋಚಿಸಿದಳು. "ನೋವು ಅಂತಲ್ಲ. ಇಲ್ಲಿ ಏನೋ ಭಾರ," ಎಂದು ಹೊಟ್ಟೆಯ ಮೇಲ್ಭಾಗಕ್ಕೆ ಕೈಯಿಟ್ಟಳು.

"ನಿನ್ನೆ ರಾತ್ರಿ ಊಟ ಸರಿಯಾಗಿ ಮಾಡಿದ್ಯಾ?"

"ಇಲ್ಲ ಸಿಸ್ಟರ್. ಕೆಲಸ ಜಾಸ್ತಿ ಇತ್ತು."

ಅಕ್ಕ ಗಂಡನ ಕಡೆ ತಿರುಗಿದಳು. "ಗ್ಯಾಸಾ?"

"ಇರ್ಬೇಕು ಸಿಸ್ಟರ್," ಎಂದ ಬಡಗಿ. ಅವನ ಮುಖದಲ್ಲಿ ಎಷ್ಟೋ ಹೊತ್ತಿನಿಂದ ಕಟ್ಟಿಕೊಂಡಿದ್ದ ಗಾಬರಿ ಸ್ವಲ್ಪ ಸಡಿಲವಾಯಿತು. "ಗ್ಯಾಸೇ ಇರ್ಬೇಕು. ಹೊತ್ತಿಗೆ ಸರಿಯಾಗಿ ತಿನ್ನಲ್ಲ ಇವಳು. ಎಷ್ಟು ಹೇಳಿದ್ರೂ ಅಷ್ಟೆ."

ಬಿಪಿ ಸ್ವಲ್ಪ ಕಡಿಮೆ ಇತ್ತು. ನಾಡಿ ಸ್ವಲ್ಪ ಜೋರು. ಉಪವಾಸ ಇದ್ದವರಿಗೆ, ಹೆದರಿದವರಿಗೆ ಹಾಗೇ ಇರುತ್ತದೆ. ಅಕ್ಕ ಚೀಟಿಯ ಮೇಲೆ 'ಗ್ಯಾಸ್, ಆತಂಕ' ಎಂದು ಬರೆದು, ಹಸಿರು ಪಟ್ಟಿ ಸುತ್ತಿ, ಸಾಲುಕುರ್ಚಿ ತೋರಿಸಿದಳು. ಹೊತ್ತು ಹತ್ತು ಗಂಟೆ ಐದು ನಿಮಿಷ.

ಅವರ ಹಿಂದೆಯೇ ಪಾತ್ರೆ ಅಂಗಡಿಯ ಯಜಮಾನನೊಬ್ಬನನ್ನು ಇಬ್ಬರು ಹಿಡಿದುಕೊಂಡು ಬಂದರು. ದಪ್ಪ ಆಳು, ಅಂಗಿಯೆಲ್ಲ ಬೆವರು, ಎದೆ ಒತ್ತಿಹಿಡಿದು "ಸತ್ತೆ, ಸತ್ತೆ" ಎಂದು ಕೂಗುತ್ತಿದ್ದ. ಅಕ್ಕ ಮಾತೇ ಕೇಳಲಿಲ್ಲ. ಕೆಂಪು. ನಾಲ್ಕೇ ನಿಮಿಷದಲ್ಲಿ ಅವನ ಎದೆಯ ಮೇಲೆ ಇಸಿಜಿಯ ತಂತಿಗಳಿದ್ದವು.

ಹನ್ನೊಂದು ಗಂಟೆಯ ಹೊತ್ತಿಗೆ ಕಾಲರ್ ಹೊಲಿಯುವ ಹೆಂಗಸು ಎದ್ದು ಮೇಜಿನ ಹತ್ತಿರ ಬಂದಳು. ಗಂಡ ಕೆಲಸದ ಜಾಗಕ್ಕೆ ಫೋನು ಮಾಡಲು ಹೊರಗೆ ಹೋಗಿದ್ದ.

"ಸಿಸ್ಟರ್, ಭಾರ ಜಾಸ್ತಿ ಆಗ್ತಿದೆ. ಬೆನ್ನಿಗೂ ಬಂದಿದೆ."

"ಸ್ವಲ್ಪ ಕೂತ್ಕೊಳ್ಳಮ್ಮ, ಕರೀತಾರೆ."

ಹನ್ನೆರಡಕ್ಕೆ ಇನ್ನೊಮ್ಮೆ ಬಂದಳು. ಆಗ ಮೇಜಿನ ಮುಂದೆ ರಸ್ತೆ ಅಪಘಾತದ ಎರಡು ಸ್ಟ್ರೆಚರುಗಳಿದ್ದವು. ಅಕ್ಕನ ಎರಡೂ ಕೈ ರಕ್ತದಲ್ಲಿದ್ದವು. "ನೋಡಮ್ಮ, ಇಲ್ಲಿ ಸಾಯೋರಿದ್ದಾರೆ," ಎಂದಳು, ತಿರುಗಿ ನೋಡದೆ.

"ಹೌದು. ಕ್ಷಮಿಸಿ ಸಿಸ್ಟರ್," ಎಂದು ಹೆಂಗಸು ವಾಪಸು ಹೋಗಿ ಕೂತಳು.

ಹನ್ನೆರಡೂ ಇಪ್ಪತ್ತಕ್ಕೆ ಸಾಲುಕುರ್ಚಿಯ ಕಡೆಯಿಂದ ಗಂಡಸೊಬ್ಬ ಕೂಗಿಕೊಂಡ ಸದ್ದು ಕೇಳಿತು. ಆ ಕೂಗನ್ನು ಅಕ್ಕ ಸಾವಿರ ಸಲ ಕೇಳಿದ್ದಳು. ಅದರ ಅರ್ಥ ಅವಳಿಗೆ ಗೊತ್ತಿತ್ತು. ಓಡಿದಳು. ಎದೆ ಒತ್ತುತ್ತಲೇ ಆ ಹೆಂಗಸನ್ನು ಸ್ಟ್ರೆಚರಿಗೆ ಎತ್ತಿದರು. ಒಂದು ಗಂಟೆ ಹತ್ತರವರೆಗೆ ಸರದಿಯ ಮೇಲೆ ಐದು ಜನ ಒತ್ತಿದರು. ನಡುವೆ ಒಮ್ಮೆ ಎರಡು ನಿಮಿಷ ಹೃದಯ ಬಡಿಯಿತು. ಆಗ ತೆಗೆದ ಇಸಿಜಿಯ ಕಾಗದ ನೋಡಿ ವಿಭಾಗದ ದೊಡ್ಡ ಡಾಕ್ಟರು ಅದನ್ನು ಮಡಿಚಿ ಚೀಟಿಯ ಜೊತೆ ಇಟ್ಟರು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳವೇ ಕಟ್ಟಿಹೋಗಿತ್ತು. ಬೆಳಗಿನಿಂದಲೇ ಕಟ್ಟುತ್ತಾ ಬಂದಿತ್ತು.

ಪಾತ್ರೆ ಅಂಗಡಿಯ ಯಜಮಾನ ಆ ಹೊತ್ತಿಗೆ ಒಂದು ಬಾಟಲಿ ಔಷಧಿ ಕುಡಿದು, ದೊಡ್ಡದಾಗಿ ತೇಗಿ, ಮನೆಗೆ ಹೋಗಿ ಆಗಿತ್ತು. ಎರಡು ಸಲ ಮಾಡಿದ ರಕ್ತ ಪರೀಕ್ಷೆಯಲ್ಲೂ ಅವನ ಹೃದಯಕ್ಕೆ ಏನೂ ಆಗಿರಲಿಲ್ಲ. ಅವನದು ಗ್ಯಾಸ್.

ಆಸ್ಪತ್ರೆಯಲ್ಲಿ ಸಾವು ಹೊಸದಲ್ಲ. ಆದರೂ ಆ ವಾರದ ಪರಿಶೀಲನಾ ಸಭೆಯಲ್ಲಿ ಈ ಸಾವಿನ ಚೀಟಿ ಎಲ್ಲಕ್ಕಿಂತ ಮೇಲಿತ್ತು. ತುರ್ತು ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಕೆಟ್ಟವರಲ್ಲ. ಹದಿನಾಲ್ಕು ವರ್ಷ ಅದೇ ಜಾಗದಲ್ಲಿ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಗ್ಯಾಸ್ ಅಂತ ಹೇಳಿದ್ದು ಯಾರು?"

"ಗಂಡ ಹೇಳಿದ್ರು ಸರ್," ಎಂದಳು ಅಕ್ಕ. ಹೇಳುವಾಗ ಅವಳಿಗೆ ಅದು ಸತ್ಯವೆಂದೇ ಅನ್ನಿಸಿತ್ತು.

"ಹಾಗಾದ್ರೆ ಜೊತೆಗೆ ಬಂದವರು ತಪ್ಪು ಮಾಹಿತಿ ಕೊಟ್ಟಿದ್ದಾರೆ. ಹೆಂಗಸಿಗೆ ಎದೆ ನೋವು ಇರಲಿಲ್ಲ. ನಡೆದು ಬಂದಿದ್ದಾಳೆ. ಅವತ್ತು ನೂರಾ ಎಂಬತ್ತು ಜನ, ಒಂದು ಇಸಿಜಿ ಯಂತ್ರ. ದುರದೃಷ್ಟ," ಎಂದು ದೊಡ್ಡ ಡಾಕ್ಟರು ಬರೆದುಕೊಂಡರು. ಮೂಲೆಯಲ್ಲಿ ಕೂತಿದ್ದ ಸಂಶೋಧನೆಯ ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

ಹತ್ತು ದಿನದ ಮೇಲೆ ಬಡಗಿ ಮರಣ ಪತ್ರಕ್ಕೆಂದು ಬಂದ. ಕಚೇರಿಯ ಕಿಟಕಿಯಲ್ಲಿ ಕೆಲಸ ಮುಗಿಸಿಕೊಂಡು ಹೋಗುವವನು ಮೇಜಿನ ಹತ್ತಿರ ನಿಂತ. ಕೂಗಾಡುತ್ತಾನೆ, ಮೈಮೇಲೆ ಏರಿ ಬರುತ್ತಾನೆ ಅಂದುಕೊಂಡಳು ಅಕ್ಕ. ಅಂಥವರನ್ನು ಎದುರಿಸುವುದು ಅವಳಿಗೆ ಗೊತ್ತಿತ್ತು. ಬಡಗಿ ಕೈಮುಗಿದ.

"ಅವತ್ತು ಅವಳು ಹೋದಾಗ ನಿಮ್ಮ ಮೇಲೆ ರೇಗಿದೆ ಸಿಸ್ಟರ್, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮದೇನೂ ತಪ್ಪಿಲ್ಲ. ಬಾಯಿ ಮುಚ್ಕೊಂಡಿರದೆ ನಾನೇ ಗ್ಯಾಸ್ ಅಂದೆ. ದೊಡ್ಡ ಡಾಕ್ಟರೂ ಅದೇ ಹೇಳಿದ್ರು, ನೀವು ಸರಿಯಾಗಿ ಹೇಳಿದ್ರೆ ಕತೆ ಬೇರೆ ಇರ್ತಿತ್ತು ಅಂತ."

"ಮನೇಲಿ ಯಾರಿದ್ದಾರೆ?" ಎಂದಳು, ಏನಾದರೂ ಕೇಳಬೇಕೆಂದು.

"ಮಗಳು. ಕಾಲೇಜು. ನನ್ನ ಹತ್ರ ಮಾತು ಬಿಟ್ಟಿದ್ದಾಳೆ." ಬಡಗಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಅಮ್ಮನ್ನ ನೀನೇ ಕೊಂದೆ ಅಂದ್ಲು. ಅಷ್ಟೇ, ಆಮೇಲೆ ಒಂದು ಮಾತಿಲ್ಲ. ತಟ್ಟೆ ಇಡ್ತಾಳೆ, ಹೋಗ್ತಾಳೆ. ನ್ಯಾಯ ತಾನೆ ಸಿಸ್ಟರ್? ನನ್ನ ನಾಲಿಗೆಯೇ ನನ್ನ ಮನೆ ಕೆಡಿಸಿತು."

ಅವನು ಹೋದ. ಅಕ್ಕ ಮುಂದಿನವರ ಮಣಿಕಟ್ಟು ಹಿಡಿದಳು. ಯಾವ ಪಟ್ಟಿ ಎಂದು ಒಂದು ಕ್ಷಣ ತೋಚಲಿಲ್ಲ.

ಮೂರು ವಾರದ ಮೇಲೆ ಸಂಶೋಧನೆಯ ಡಾಕ್ಟರಮ್ಮ ಅಕ್ಕನನ್ನು ಔಷಧಿ ದಾಸ್ತಾನಿನ ಕೋಣೆಗೆ ಕರೆದಳು. ಸಲೈನ್ ಪೆಟ್ಟಿಗೆಗಳ ಮಧ್ಯೆ ಎರಡು ಕುರ್ಚಿ. ಅವಳು ಕಾಗದವೊಂದನ್ನು ಮುಂದಿಟ್ಟಳು.

"ವರದಿ ಕೊಡೋ ಮೊದಲು ನಿಮಗೆ ತೋರಿಸ್ಬೇಕು ಅನ್ನಿಸ್ತು. ಎದೆ, ದವಡೆ, ಬೆನ್ನು, ಹೊಟ್ಟೆ ಮೇಲ್ಭಾಗ, ಉಸಿರು, ಇದ್ದಕ್ಕಿದ್ದ ಹಾಗೆ ಸುಸ್ತು, ಇದ್ರಲ್ಲಿ ಯಾವುದಾದ್ರೂ ಒಂದು ಅಂತ ಬಂದವರನ್ನೆಲ್ಲ ಲೆಕ್ಕ ಹಿಡಿದಿದ್ದೀನಿ. ಗಂಡಸರಿಗೆ ಇಸಿಜಿ ಆಗೋಕೆ ಹನ್ನೆರಡು ನಿಮಿಷ. ಹೆಂಗಸರಿಗೆ ನಲವತ್ತೊಂದು."

ಅಕ್ಕ ಕಾಗದ ನೋಡಲಿಲ್ಲ. "ಅಂದ್ರೆ? ನನಗೆ ಹೆಂಗಸರನ್ನ ಕಂಡ್ರೆ ಆಗಲ್ಲ ಅಂತಾನಾ? ನಾನೇನು ಗಂಡಸಾ?"

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ? ಮೂರು ತಿಂಗಳು ನನ್ನ ಬೆನ್ನ ಹಿಂದೆ ಕೂತು ನನ್ನ ತಪ್ಪು ಆರಿಸ್ತಿದ್ರಾ? ಬಂದವರಿಗೆಲ್ಲ ತಂತಿ ಹಚ್ಚುತ್ತಾ ಕೂತ್ರೆ ನಿಜವಾಗಿ ಸಾಯೋರು ಸಾಲಲ್ಲೇ ಸಾಯ್ತಾರೆ. ದಿನಕ್ಕೆ ನಲವತ್ತು ಹೆಂಗಸರು ಸುಸ್ತು ಅಂತ ಬರ್ತಾರೆ. ಮೂವತ್ತೊಂಬತ್ತು ಜನಕ್ಕೆ ಏನೂ ಇರಲ್ಲ. ಯಾರಿಗೆ ಮೊದಲು ಅಂತ ಯಾರಾದ್ರೂ ಹೇಳಲೇಬೇಕು. ಪುಸ್ತಕ ಹಿಡ್ಕೊಂಡು ಕೂರೋದು ಸುಲಭ ಮೇಡಂ."

ಡಾಕ್ಟರಮ್ಮ ಇನ್ನೊಂದು ಹಾಳೆ ತಿರುಗಿಸಿದಳು. "ನೀವು ಹೇಳಿದ್ದು ಸರಿ. ಯಾರಾದ್ರೂ ಹೇಳ್ಬೇಕು. ಇದು ನೀವು ರಜಾ ಇದ್ದ ದಿನಗಳದ್ದು. ಬೇರೆ ಮೂವರು ನರ್ಸುಗಳು ಕೂತಿದ್ರು. ಅಲ್ಲೂ ಅಷ್ಟೇ ಅಂತರ. ಒಳಗೆ ಡಾಕ್ಟರುಗಳು ನೋಡಿದ್ದೂ ಅಷ್ಟೇ. ಇದು..." ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದು ನಂದು. ಹೋದ ವರ್ಷ ನಾನು ಡ್ಯೂಟಿಯಲ್ಲಿದ್ದಾಗಿನ ಹಳೇ ಚೀಟಿಗಳು. ನಾನೂ ನಲವತ್ತು ನಿಮಿಷ ಕಾಯಿಸಿದ್ದೀನಿ. ಗೊತ್ತಿದ್ದೂ ಅಲ್ಲ, ಬೇಕಂತಲೂ ಅಲ್ಲ. ಎದೆ ಹಿಡ್ಕೊಂಡು ಬೀಳೋ ಗಂಡಸಿನ ಚಿತ್ರ ನಮ್ಮ ತಲೆಯಲ್ಲಿ ಕೂತ್ಬಿಟ್ಟಿದೆ. ಹಾಗೆ ಕಾಣದವರು ನಮ್ಮ ಕಣ್ಣಿಗೆ ರೋಗಿಯಾಗಿಯೇ ಕಾಣಲ್ಲ."

"ಅವತ್ತಿಂದು ನನ್ನ ತಪ್ಪಲ್ಲ," ಎಂದಳು ಅಕ್ಕ. ಯಾರೂ ಅವತ್ತಿನ ಮಾತು ಎತ್ತಿರಲಿಲ್ಲ. "ಗಂಡ ಗ್ಯಾಸ್ ಅಂದ."

ಡಾಕ್ಟರಮ್ಮ ಮೂರನೆಯ ಹಾಳೆ ತೆಗೆದಳು. "ಒಬ್ಬರೇ ಬಂದ ಹೆಂಗಸರನ್ನೂ ಬೇರೆ ತೆಗೆದು ನೋಡಿದೆ ಅಕ್ಕ. ಅವರ ಜೊತೆ ಗಂಡ ಇರಲಿಲ್ಲ, ಅಣ್ಣ ಇರಲಿಲ್ಲ. ಗ್ಯಾಸ್ ಅನ್ನೋಕೆ ಯಾರೂ ಇರಲಿಲ್ಲ. ಆದ್ರೂ ಅರ್ಧಕ್ಕರ್ಧ ಚೀಟಿಗಳ ಮೇಲೆ ಗ್ಯಾಸ್ ಅಂತಲೇ ಇದೆ." ಮತ್ತೆ ಮೆಲ್ಲಗೆ ಹೇಳಿದಳು: "ಅವತ್ತು ನಾನು ನಿಮ್ಮ ಹಿಂದೆಯೇ ಕೂತಿದ್ದೆ. ಸಭೆಯಲ್ಲಿ ಹೇಳ್ಬೇಕು ಅಂತಿದ್ದೆ. ಹೇಳೋಕೆ ಧೈರ್ಯ ಸಾಲಲಿಲ್ಲ. ಆ ಹೆಂಗಸು ಎರಡು ಸಲ ಎದ್ದು ಬಂದಾಗಲೂ ನಾನು ಗಡಿಯಾರ ನೋಡಿ ಬರ್ಕೊಂಡೆ, ಎದ್ದು ಹೋಗಿ ನಾಡಿ ನೋಡಲಿಲ್ಲ. ನನಗೂ ನಿದ್ದೆ ಬರ್ತಿಲ್ಲ."

ಅಕ್ಕ ಎದ್ದು ಹೊರಗೆ ಬಂದಳು. ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ದಾಖಲೆ ಕೋಣೆಗೆ ಹೋಗಿ ಆ ಸೋಮವಾರದ ಚೀಟಿ ಕೇಳಿ ಪಡೆದಳು. ತನ್ನದೇ ಅಕ್ಷರ. ಅವಸರದಲ್ಲೂ ದುಂಡಗಿರುವ, ಹೊಸ ನರ್ಸುಗಳಿಗೆ ಮಾದರಿಯೆಂದು ತೋರಿಸುತ್ತಿದ್ದ ಅಕ್ಷರ. ಹತ್ತೂ ಐದು. ಗ್ಯಾಸ್, ಆತಂಕ. ದವಡೆಯ ಮಾತು ಅದರಲ್ಲಿರಲಿಲ್ಲ. ಕೈಯಲ್ಲಿ ಶಕ್ತಿಯಿಲ್ಲ ಎಂದದ್ದು ಇರಲಿಲ್ಲ. ಭಾರ ಎಂಬ ಪದ ಇರಲಿಲ್ಲ. ಆ ಹೆಂಗಸು ಯೋಚಿಸಿ, ತೂಗಿ ಹೇಳಿದ ಒಂದು ಮಾತೂ ಆ ಕಾಗದದ ಮೇಲೆ ಇರಲಿಲ್ಲ.

ಗಂಡ ಎಲ್ಲಿ ನಿಂತಿದ್ದ, ಹೇಗೆ ನಿಂತಿದ್ದ ಎಂದು ಅಕ್ಕ ನೆನಪು ಮಾಡಿಕೊಳ್ಳಲು ನೋಡಿದಳು. ಬಾಗಿಲಿನಿಂದ ಬರುವಾಗ ಅವನು ಏನು ಹೇಳಿದ್ದ? ಏನೂ ಹೇಳಿರಲಿಲ್ಲ. ಹೆಂಡತಿ ಮಾತಾಡುವಾಗ ಅವಳ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ತಾನು ತಲೆ ತಿರುಗಿಸಿದ್ದು ನೆನಪಾಯಿತು. ತನ್ನ ಬಾಯಿಂದ ಹೊರಟ ಒಂದು ಪದ ನೆನಪಾಯಿತು. ಅದನ್ನು ಕೇಳಿ ಅವನ ಮುಖ ಸಡಿಲವಾದದ್ದು ನೆನಪಾಯಿತು. ಇಪ್ಪತ್ತಾರು ವರ್ಷದ ಅನುಭವದ ನರ್ಸು ಗ್ಯಾಸಾ ಎಂದು ಕೇಳಿದರೆ, ಅಲ್ಲ, ಬೇರೇನೋ ಭಯಂಕರವಾದದ್ದು ಎಂದು ಯಾವ ಗಂಡ ಹೇಳಿಯಾನು?

ಅವಳು ಚೀಟಿ ವಾಪಸು ಕೊಟ್ಟಳು. ದಾಖಲೆ ಕೋಣೆಯ ಗುಮಾಸ್ತ "ಏನಕ್ಕ, ಮುಖ ಬಿಳಿಚಿಕೊಂಡಿದೆ, ನೀರು ಬೇಕಾ?" ಎಂದ. ಬೇಡ ಎಂದು ತಲೆಯಾಡಿಸಿದಳು.

ಮರುದಿನ ಅವಳು ದೊಡ್ಡ ಡಾಕ್ಟರ ಕೋಣೆಗೆ ಹೋದಾಗ ಅವಳ ಕೈಯಲ್ಲಿ ಆ ಸೋಮವಾರದ ಬಗ್ಗೆ ತಾನೇ ಬರೆದ ಎರಡು ಪುಟದ ಹೇಳಿಕೆಯಿತ್ತು. ಡಾಕ್ಟರು ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಮತ್ತೆ ಓದಿದರು.

"ಇದನ್ನ ನಾನು ನೋಡಿಲ್ಲ ಅಂದ್ಕೊಳ್ಳಿ. ವಾಪಸು ತಗೊಂಡು ಹೋಗಿ."

"ಇಲ್ಲ ಸರ್. ಫೈಲಿಗೆ ಸೇರಿಸಿ."

"ಏನಾಗುತ್ತೆ ಗೊತ್ತಾ? ವಿಚಾರಣೆ ಆಗುತ್ತೆ. ಮೇಜಿನಿಂದ ಎತ್ತುತ್ತಾರೆ. ನಿವೃತ್ತಿಗೆ ಮೂರು ವರ್ಷ ಇದೆ ನಿಮಗೆ. ಹೋದ ಜೀವ ಬರಲ್ಲ. ಗಂಡ ದೂರು ಕೊಟ್ಟಿಲ್ಲ. ತಾನೇ ಒಪ್ಕೊಂಡಿದ್ದಾನೆ."

"ಅವನು ಒಪ್ಕೊಂಡಿರೋದು ಅವನು ಮಾಡದೇ ಇರೋದನ್ನ ಸರ್. ನಾವು ಒಪ್ಪಿಸಿದ್ದೀವಿ."

ದೊಡ್ಡ ಡಾಕ್ಟರ ದನಿ ಏರಿತು. "ನಾವು ಅನ್ನಬೇಡಿ. ನಾನು ಈ ಜಾಗ ಹೇಗೆ ನಡೆಸ್ತಿದ್ದೀನಿ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಯಂತ್ರ, ಆರು ಹಾಸಿಗೆ. ನಿಮ್ಮ ಕಣ್ಣು ಇಲ್ದಿದ್ರೆ ಇಷ್ಟು ವರ್ಷ ಇನ್ನೂ ಎಷ್ಟು ಹೆಣ ಹೋಗ್ತಿತ್ತು? ಅದನ್ನ ಯಾಕೆ ಯಾರೂ ಲೆಕ್ಕ ಹಾಕಲ್ಲ?"

"ಅದೇ ಸರ್ ತಪ್ಪಾಗಿದ್ದು. ಯಂತ್ರ ಸಾಲದಿದ್ದಾಗೆಲ್ಲ ನನ್ನ ಕಣ್ಣನ್ನೇ ಯಂತ್ರ ಅಂದ್ಕೊಂಡ್ವಿ. ನಾನೂ ಹಾಗೇ ಅಂದ್ಕೊಂಡೆ, ಹೊಗಳಿಕೆ ಯಾರಿಗೆ ಬೇಡ? ಕಣ್ಣು ಕಂಡಿದ್ದನ್ನೇ ಕಾಣುತ್ತೆ ಸರ್. ಮೊದಲು ನೋಡಿದ ಹಾಗೆ ಇರೋರನ್ನ ಹಿಡಿಯುತ್ತೆ, ಬೇರೆಯವರನ್ನ ಬಿಡುತ್ತೆ." ಅವಳು ಎರಡನೆಯ ಪುಟ ತೋರಿಸಿದಳು. "ಆ ಸಂಶೋಧನೆಯ ಡಾಕ್ಟರಮ್ಮ ತೊಂದರೆಗಳ ಒಂದು ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಲ್ಲಿರೋ ಯಾವುದೇ ತೊಂದರೆ ಹೇಳಿದ್ರೂ ಗಂಡೋ ಹೆಣ್ಣೋ, ಕೂಗ್ತಾರೋ ಸುಮ್ನಿರ್ತಾರೋ ನೋಡೋದು ಬೇಡ, ಹತ್ತು ನಿಮಿಷದೊಳಗೆ ಇಸಿಜಿ. ಕಾಯುವವರಿಗೆ ಜಾಸ್ತಿ ಆಯ್ತು ಅಂದ್ರೆ ಇನ್ನೊಮ್ಮೆ. ಇನ್ನೊಂದು ಯಂತ್ರ ಕೇಳೋಣ. ಕೊಡದಿದ್ರೆ ಯಾಕೆ ಕೊಡಲ್ಲ ಅಂತ ಬರೆದು ಕೇಳೋಣ. ಸತ್ತವರ ಹೆಸರಿನ ಮುಂದೆ ದುರದೃಷ್ಟ ಅಂತ ಬರೆಯೋದು ಬೇಡ."

ಡಾಕ್ಟರು ತುಂಬ ಹೊತ್ತು ಕಿಟಕಿಯಾಚೆ ನೋಡಿದರು. ಹೊರಗೆ ಆಂಬುಲೆನ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಕೊನೆಗೆ ಎರಡು ಪುಟವನ್ನು ಫೈಲಿನೊಳಗೆ ಇಟ್ಟರು. "ಒಂದು ತಿಂಗಳು ನೋಡೋಣ," ಎಂದರು, ಪಟ್ಟಿಯ ಬಗ್ಗೆ. ಅಕ್ಕನ ಬಗ್ಗೆ ಏನೂ ಹೇಳಲಿಲ್ಲ.

ಆ ವಾರವೇ ಅವಳನ್ನು ಮೇಜಿನಿಂದ ಎತ್ತಿ ಬ್ಯಾಂಡೇಜು ಬಟ್ಟೆ ಕತ್ತರಿಸಿ ಜೋಡಿಸುವ ಕೋಣೆಗೆ ಹಾಕಿದರು. ವಿಚಾರಣೆಗೆ ದಿನ ಗೊತ್ತಾಯಿತು. ದಾರಿಯಲ್ಲಿ ಸಿಕ್ಕ ಕೆಲವರು ಮುಖ ತಿರುಗಿಸಿದರು. "ಮೈಮೇಲೆ ಎಳ್ಕೊಳ್ಳೋದು ಬೇಕಿತ್ತಾ ಅಕ್ಕ? ನಾಳೆ ನಮ್ಮೆಲ್ಲರ ಚೀಟೀನೂ ಕೆದಕ್ತಾರೆ," ಎಂದು ಒಬ್ಬಳು ಎದುರಿಗೇ ಹೇಳಿದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಬಡಗಿಯ ಮನೆ ಹುಡುಕಿಕೊಂಡು ಹೋದಳು. ಮರ ಕೊಯ್ಯುವ ಕಾರ್ಖಾನೆಯ ಹಿಂದಿನ ಬೀದಿ, ಎರಡನೆಯ ಮಹಡಿ. ಬಾಗಿಲು ತೆರೆದ ಬಡಗಿ ಗಾಬರಿಯಿಂದ ಕುರ್ಚಿ ಎಳೆದು ಹಾಕಿದ. ಅವನೇ ಮಾಡಿದ ಕುರ್ಚಿಯಿರಬೇಕು. ಕೈಯಿಡುವ ಜಾಗವನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಅಕ್ಕ ಕೂರಲಿಲ್ಲ.

"ಮಗಳನ್ನ ಕರೀರಿ. ಅವಳೂ ಕೇಳ್ಬೇಕು."

ಬಡಗಿ ಒಳಕೋಣೆಯ ಕಡೆ ನೋಡಿದ, ಕರೆಯಲಿಲ್ಲ. ಕರೆದರೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ದನಿ ಕೇಳಿ ಹುಡುಗಿ ತಾನೇ ಬಾಗಿಲಿಗೆ ಬಂದು ನಿಂತಳು. ಹತ್ತೊಂಬತ್ತು ವರ್ಷ. ಕಣ್ಣಿನ ಕೆಳಗೆ ಕಪ್ಪು.

ಅಕ್ಕ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ.

"ನಾನು ಅವತ್ತು ಮೇಜಿನಲ್ಲಿ ಕೂತಿದ್ದ ನರ್ಸು. ನಿನ್ನ ಅಮ್ಮ ಎಲ್ಲಾ ಸರಿಯಾಗಿ ಹೇಳಿದ್ರು. ದವಡೆ, ಕೈ, ಭಾರ, ಎಲ್ಲಾ. ನಾನು ಕೇಳಿಸಿಕೊಳ್ಳಲಿಲ್ಲ. ಗ್ಯಾಸ್ ಅನ್ನೋ ಮಾತು ನಿನ್ನ ಅಪ್ಪ ತಂದಿದ್ದಲ್ಲ. ನಾನು ಮೊದಲು ಹೇಳಿದೆ. ಗ್ಯಾಸಾ ಅಂತ ನಾನು ಕೇಳಿದೆ. ಅವರು ಹೂಂ ಅಂದ್ರು."

"ಇಲ್ಲ ಸಿಸ್ಟರ್," ಎಂದ ಬಡಗಿ. "ಇಲ್ಲ. ನಾನೇ ಅಂದೆ. ನಂಗೆ ಚೆನ್ನಾಗಿ ನೆನಪಿದೆ."

"ನಿಮಗೆ ಹಾಗೆ ನೆನಪಿರೋ ಹಾಗೆ ಮಾಡಿದ್ವಿ. ನಾನು ಕೊಟ್ಟ ಮಾತನ್ನ ನೀವು ಇಸ್ಕೊಂಡ್ರಿ, ಅಷ್ಟೆ. ನೀವು ಬಾಯೇ ಬಿಡದಿದ್ರೂ ನಾನು ಅದನ್ನೇ ಬರೀತಿದ್ದೆ. ಒಬ್ಬರೇ ಬಂದ ಹೆಂಗಸರ ಚೀಟಿ ಮೇಲೂ ಅದನ್ನೇ ಬರೆದಿದ್ದೀನಿ." ಅಕ್ಕ ಚೀಲದಿಂದ ಎರಡು ಪುಟ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟಳು. "ಇದು ನಾನು ಆಸ್ಪತ್ರೆಗೆ ಬರೆದುಕೊಟ್ಟದ್ದರ ನಕಲು. ನೀವು ಎಲ್ಲಿ ಬೇಕಾದ್ರೂ ತೋರಿಸಬಹುದು."

ಹುಡುಗಿ ಬಾಗಿಲು ಬಿಟ್ಟು ಮುಂದೆ ಬಂದಳು. "ಎರಡು ಗಂಟೆ ಅಮ್ಮ ಅಲ್ಲಿ ಕೂತಿದ್ಲು. ಏನಾದ್ರೂ ಹೇಳಿದ್ಲಾ?"

ಇದೊಂದು ಕೇಳದಿರಲಿ ಎಂದು ಅಕ್ಕ ದಾರಿಯುದ್ದಕ್ಕೂ ಅಂದುಕೊಂಡಿದ್ದಳು.

"ಎರಡು ಸಲ ಎದ್ದು ಬಂದ್ರು. ಭಾರ ಜಾಸ್ತಿ ಆಗ್ತಿದೆ ಅಂದ್ರು. ಇಲ್ಲಿ ಸಾಯೋರಿದ್ದಾರೆ, ಕೂತ್ಕೊ ಅನ್ನೋ ಹಾಗೆ ಅಂದೆ. ಅದಕ್ಕೆ ಅವರು ಕ್ಷಮಿಸಿ ಅಂದ್ರು."

ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಚಾಲೂ ಮಾಡಲು ನೋಡುತ್ತಿದ್ದರು.

"ಈಗ ನೀವು ಕ್ಷಮೆ ಕೇಳೋಕೆ ಬಂದ್ರಾ?" ಎಂದಳು ಹುಡುಗಿ. "ಕ್ಷಮಿಸಿದ್ದೀನಿ ಅಂದ್ರೆ ಮನೆಗೆ ಹೋಗಿ ನಿದ್ದೆ ಮಾಡ್ತೀರಾ?"

"ಇಲ್ಲಮ್ಮ. ಅದನ್ನ ಕೇಳೋ ಮುಖ ನನಗಿಲ್ಲ. ನಡೆದದ್ದು ನಡೆದ ಹಾಗೆ ಹೇಳೋಕೆ ಬಂದೆ."

"ಹೇಳಿ ಆಯ್ತಲ್ಲ. ಹೋಗಿ. ಇನ್ನು ಈ ಮನೆಗೆ ಬರಬೇಡಿ."

ಬಡಗಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವನು ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಿದ್ದ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಸಾಯಿಸಿದವನೆಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದ ಮನುಷ್ಯ, ಆ ನಂಬಿಕೆ ಕಳಚಿದ ಮೇಲೆ, ಹೆಂಡತಿಗಾಗಿ ಮೊದಲ ಸಲ ಅಳುತ್ತಿದ್ದ. ಅಕ್ಕ ಚಪ್ಪಲಿ ಮೆಟ್ಟಿ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅದು ಪೂರ್ತಿ ಮುಚ್ಚಲಿಲ್ಲ.

ನಾಲ್ಕು ಮೆಟ್ಟಿಲು ಇಳಿದಿದ್ದಳು. ಆ ಗಂಡಸಿನ ಅಳು ಹಿಂದೆಯೇ ಬರುತ್ತಿತ್ತು. ಹುಡುಗಿಯ ಸದ್ದೇ ಇರಲಿಲ್ಲ. ಆಮೇಲೆ, ಎಷ್ಟೋ ಹೊತ್ತಾದ ಮೇಲೆ ಎಂಬಂತೆ, ಅಪ್ಪನೊಂದಿಗೆ ಮಾತಾಡದೆ ಜಡ್ಡುಗಟ್ಟಿದ ದನಿಯೊಂದು ಒಳಗಿನಿಂದ ಕೇಳಿತು.

"ಅಪ್ಪಾ. ಏಳು. ನೆಲ ತಣ್ಣಗಿದೆ."

ಕಣ್ಣಳತೆ ಅಕ್ಕ ಕಂಬಿ ಹಿಡಿದು, ಸದ್ದಾಗದಂತೆ, ಉಳಿದ ಮೆಟ್ಟಿಲುಗಳನ್ನು ಇಳಿದಳು.